ಕಂದಾಯ ಉಳಿಸಲು ಮಗಳಾದೆ

ಸ್ವಂತ ಮನೆ ಇರುವವರು ಏಪ್ರಿಲ್ ಬಂತೆಂದರೆ ಕಂದಾಯ, ಕಂದಾಯ ಎಂದು ಗೊಣಗುವುದನ್ನು ಕೇಳಿ ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ? ತಿಂಗಳು ಮುಗಿಯುವುದರೊಳಗೆ ಕಟ್ಟಿದರೆ ನೂರಕ್ಕೆ ಐದು ಬಿಡುತ್ತಾರೆ ಎಂದು ಬಿಸಿಲಲ್ಲಿ ಸಾಲು ನಿಂತು, ಬೆವರು ಒರೆಸಿಕೊಂಡು, ಪುರಸಭೆಯವರನ್ನು ಬೈದುಕೊಂಡು ಮನೆಗೆ ಬರುತ್ತಾರಲ್ಲ, ಆ ಬೈಗುಳದಲ್ಲೂ ಒಂದು ಗತ್ತು ಇರುತ್ತದೆ. ಬಾಡಿಗೆಯವರಿಗೆ ಬೈಯಲು ಸಿಗುವುದು ಮನೆ ಮಾಲೀಕರು ಮಾತ್ರ. ಅದೂ ಬಾಗಿಲು ಹಾಕಿಕೊಂಡು, ಮೆಲ್ಲಗೆ.

ನನ್ನ ಗಂಡ ಲೈನ್‌ಮ್ಯಾನ್. ವರ್ಗವಾದ ಕಡೆಗೆಲ್ಲ ಗಂಟುಮೂಟೆ ಕಟ್ಟಬೇಕು. ಮದುವೆಯಾದ ಹೊಸತರಲ್ಲಿ ಜಗಳೂರು. ಅಲ್ಲಿನ ಮಾಲೀಕರು ನಲ್ಲಿಗೂ ಬೀಗ ಹಾಕುತ್ತಿದ್ದರು. ಅವರದ್ದೂ ತಪ್ಪಲ್ಲ, ನೀರು ಬರುತ್ತಿದ್ದದ್ದೇ ಅಪರೂಪ. ಆಮೇಲೆ ಚನ್ನಗಿರಿ. ಅಡಿಕೆ ವ್ಯಾಪಾರಿಯೊಬ್ಬರ ಮನೆಯ ಮಹಡಿ. ಸುಗ್ಗಿಯಲ್ಲಿ ತಾರಸಿ ತುಂಬಾ ಅಡಿಕೆ ಹರಡಿರುತ್ತಿತ್ತು. ನನ್ನ ಒದ್ದೆ ಸೀರೆ ಅದರ ಮೇಲೆ ತೊಟ್ಟಿಕ್ಕಿತೆಂದು ಆ ಮನೆಯ ಯಜಮಾನತಿ ಮಾತು ಬಿಟ್ಟಳು. ಬಾಡಿಗೆ ಇಸಿದುಕೊಳ್ಳುವಾಗ ಕೂಡ ಮಾತಿಲ್ಲ, ಕೈ ಮಾತ್ರ ಚಾಚುತ್ತಿದ್ದಳು.

ಮನೆ ನೋಡಲು ಹೋದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಎಷ್ಟು ಜನ? ಇಬ್ಬರೇ ಎಂದರೆ ಮುಖ ಅರಳುತ್ತದೆ. ನೀರು ಉಳಿಯುತ್ತದಲ್ಲ! ಇಬ್ಬರೇ ಯಾಕೆ ಎಂದು ಆಮೇಲೆ ಕೇಳುತ್ತಾರೆ.

ಹೊನ್ನಾಳಿಯ ಆ ಮನೆಯ ಯಜಮಾನತಿ ಮಾತ್ರ ಎರಡನೆಯ ಪ್ರಶ್ನೆ ಕೇಳಲಿಲ್ಲ. ಹೊಳೆ ಕಡೆಗೆ ಇಳಿಯುವ ಬೀದಿಯಲ್ಲಿ ಹಳೆಯ ಹೆಂಚಿನ ಮನೆ. ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಆ ಕಡೆ ಆಕೆ ಒಬ್ಬಳೇ, ಈ ಕಡೆ ನಾವು. ಗಂಡ ತೀರಿಕೊಂಡಿದ್ದ. ಇರುವ ಒಬ್ಬ ಮಗ ಚನ್ನಗಿರಿಯಲ್ಲಿ ಅಂಗಡಿ ಇಟ್ಟುಕೊಂಡು ಸಂಸಾರ ಸಮೇತ ಅಲ್ಲೇ ಇದ್ದ, ಭಾನುವಾರ ಬಂದು ಹೋಗುತ್ತಿದ್ದ. ಆಕೆಗೆ ಅದರಿಂದ ದುಃಖವೇನೂ ಇರಲಿಲ್ಲ. 'ಅವ್ನು ಅಲ್ಲಿ ಇದ್ರೇ ನಮ್ಮಿಬ್ರಿಗೂ ಚಲೋ, ಒಂದೇ ಮನೇಲಿದ್ರೆ ಹೊಡದಾಡ್ತೀವಿ' ಎಂದು ನಗುತ್ತಿದ್ದಳು. ಬೆಳಿಗ್ಗೆ ಎದ್ದು ಬೀದಿಯವರನ್ನೆಲ್ಲ ಒಂದು ಸುತ್ತು ವಿಚಾರಿಸಿಕೊಂಡು ಬಂದರೇನೇ ಆಕೆಗೆ ಚಹಾ ಇಳಿಯುತ್ತಿದ್ದದ್ದು.

ನನ್ನವ್ವ ನಾನು ಹೈಸ್ಕೂಲಿನಲ್ಲಿ ಇರುವಾಗಲೇ ತೀರಿಹೋಗಿದ್ದಳು. ಅಪ್ಪನ ನಂತರ ತವರಿನ ಮನೆಯೂ ಮಾರಾಟವಾಯಿತು. ಅದಕ್ಕೇ ಇರಬೇಕು, ಹೊನ್ನಾಳಿಯ ಆ ಅರ್ಧ ಮನೆಗೆ ಕಾಲಿಟ್ಟ ದಿನವೇ ನನಗೆ ಅನಿಸಿದ್ದು ಒಂದೇ. ಇನ್ನು ಇಲ್ಲಿಂದ ಏಳಬಾರದು. ಗಂಡನಿಗೆ ಎಲ್ಲಿಗಾದರೂ ವರ್ಗ ಆಗಲಿ, ಬಸ್ಸಿನಲ್ಲಿ ಓಡಾಡಲಿ, ನಾನು ಏಳುವುದಿಲ್ಲ.

ಪುರಸಭೆಯವರು ಮನೆ ಮನೆ ಅಳೆಯಲು ಬರುತ್ತಾರೆ ಎಂಬ ಸುದ್ದಿ ಬಂದದ್ದು ಆಗಲೇ. ಇ-ಖಾತಾ ಮಾಡಬೇಕಂತೆ, ಯಾವ ಮನೆಯಲ್ಲಿ ಯಾರಿದ್ದಾರೆ ಕೇಳುತ್ತಾರಂತೆ. ಅದೇ ವಾರ ಯಜಮಾನತಿಯ ತಂಗಿ ಬೆಂಗಳೂರಿನಿಂದ ಫೋನು ಮಾಡಿದವಳು ಒಂದು ಮಾತು ಹೇಳಿಬಿಟ್ಟಳು. ಮಾಲೀಕರೇ ವಾಸವಿದ್ದರೆ ಕಂದಾಯದಲ್ಲಿ ದೊಡ್ಡ ರಿಯಾಯಿತಿ, ಬಾಡಿಗೆಗೆ ಕೊಟ್ಟರೆ ಅದಿಲ್ಲ ಎಂದು. ಸಂಜೆಯೊಳಗೆ ಆ ಮಾತು ನಮ್ಮ ಬೀದಿಯನ್ನೆಲ್ಲ ಸುತ್ತಿತು. ಯಾರೂ ಪುರಸಭೆಗೆ ಹೋಗಿ ಹೌದೇ ಅಲ್ಲವೇ ಎಂದು ಕೇಳಲಿಲ್ಲ. ಕೇಳಲು ಹೋದರೆ 'ಯಾಕೆ, ಬಾಡಿಗೆಗೆ ಕೊಟ್ಟೀರಾ?' ಎನ್ನುತ್ತಾರಲ್ಲ! ಆ ಭಯಕ್ಕೆ ಬೀದಿಯಲ್ಲಿ ಬಾಡಿಗೆಯವರೇ ಮಾಯವಾದರು. ಎದುರು ಮನೆಯ ಬ್ಯಾಂಕಿನ ಹುಡುಗರು ತಂಗಿಯ ಮಕ್ಕಳಾದರು. ಮೂಲೆ ಮನೆಯ ಮೇಷ್ಟ್ರು ಭಾವಮೈದುನನಾದರು.

ಯಜಮಾನತಿ ಹಿತ್ತಿಲ ಬಾಗಿಲಿಂದ ಬಂದು ನನ್ನ ಅಡುಗೆಮನೆಯಲ್ಲಿ ಕೂತಳು.

'ನೋಡು, ಆ ಪುರಸಭೆ ಬಿಲ್ ಕಲೆಕ್ಟರ್ ಅಳಿಯಾಕೆ ಬಂದ್ರೆ ನೀನು ನನ್ನ ಮಗಳು.'

'ಹೆಂಗ್ರೀ ಆಂಟಿ?'

'ಮಗಳು ಆಂಟಿ ಅಂತಾಳೇನೇ? ಅವ್ವ ಅನ್ನು. ಈಗಿಂದ ಬಾಯಿಗೆ ರೂಢಿ ಮಾಡ್ಕೋ, ಆಮ್ಯಾಲೆ ಅವನ ಮುಂದೆ ತಡವರಿಸಬ್ಯಾಡ.'

ನನ್ನ ಬಾಯಿಂದ ಆ ಮಾತು ಹೊರಟು ಎಷ್ಟೋ ವರ್ಷಗಳಾಗಿದ್ದವು. ಒಗ್ಗರಣೆ ಸೀಯುತ್ತಿತ್ತು. ಆ ನೆಪದಲ್ಲಿ ಒಲೆ ಕಡೆ ತಿರುಗಿಕೊಂಡೆ.

'ಏ, ಅನ್ನೇ.'

'ಅವ್ವ.'

'ಇನ್ನಾ ಜೋರಾಗಿ ಅನ್ನು. ಸಾಲ ಕೇಳಾಕೆ ಬಂದೋಳಂಗೆ ಗೊಣಗಬ್ಯಾಡ.'

ಗಂಡನನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಕಂಬ ಇಳಿದು ಸುಸ್ತಾಗಿ ಬಂದ ಮನುಷ್ಯನಿಗೆ ಆಕೆ ಬಾಗಿಲಲ್ಲೇ 'ಬರ್ರಿ ಅಳಿಯಂದ್ರೇ' ಎಂದಳು. ವಿಷಯ ತಿಳಿದು ಅವರ ಮುಖ ಕೆಂಪಾಯಿತು.

'ನಾನು ಮನೆ ಅಳಿಯ ಅಂತ ಪುರಸಭೆ ತನಕ ಗೊತ್ತಾಗ್ಬೇಕಾ? ನಮ್ಮ ಸ್ಟಾಫಿನೋರು ಕೇಳಿದ್ರೆ ನನ್ನ ಜನ್ಮಪೂರ್ತಿ ಆಡ್ಕೊಂಡು ನಗ್ತಾರೆ. ಬೇಕಿದ್ರೆ ಹೆಚ್ಚಿಗೆ ಬೀಳೋ ಕಂದಾಯ ನಾನೇ ಕೊಡ್ತೀನಿ ಬಿಡ್ರಿ.'

'ಕರೆಂಟಿಗೆ ಹೆದರದ ಗಂಡಸು ಇಷ್ಟಕ್ಕೆ ಹೆದರ್ತೀರಲ್ರೀ! ಬಿಲ್ ಕಲೆಕ್ಟರ್ ಬಂದಾಗ ನೀವು ಕಂಬದ ಮ್ಯಾಲೇ ಇರ್ರಿ. ನಾವಿಬ್ರೇ ನೋಡ್ಕೊಂತೀವಿ.'

ಬಿಲ್ ಕಲೆಕ್ಟರ್ ಬಂದದ್ದು ಒಂದು ಮಧ್ಯಾಹ್ನ. ನಡುವಯಸ್ಸಿನವನು, ಬಿಸಿಲಿಗೆ ಕಂಗೆಟ್ಟಿದ್ದ. ಟೇಪು ಹಿಡಿದು ಆ ಕಡೆ ಈ ಕಡೆ ಅಳೆದು ಪಡಸಾಲೆಯಲ್ಲಿ ಕೂತ. ನಾನು ಉಪ್ಪಿಟ್ಟು ತಂದಿಟ್ಟೆ. ಯಜಮಾನತಿ ತಟ್ಟೆ ನೋಡಿದವಳೇ ಶುರು ಮಾಡಿದಳು.

'ಇಷ್ಟೇನಾ ಹಾಕೋದು? ಬಿಸಿಲಾಗೆ ಬಂದೋರಿಗೆ ಹಕ್ಕಿಗೆ ಹಾಕಿದಂಗೆ ಹಾಕೀಯಲ್ಲೇ!'

'ಮಾಡಿದ್ದೇ ಇಷ್ಟು. ನೀನು ಬೆಳಿಗ್ಗೆ ಎರಡು ಸಲ ಹಾಕ್ಕೊಂಡು ತಿಂದ್ಯಲ್ಲ ಅವ್ವ.'

ಅದು ಹೇಗೆ ಬಾಯಿಂದ ಬಂತೋ ನನಗೇ ಗೊತ್ತಾಗಲಿಲ್ಲ. ಏಕವಚನ ಬೇರೆ. ಆಕೆ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಬಿಲ್ ಕಲೆಕ್ಟರ್ ಕಡೆ ತಿರುಗಿ, 'ನೋಡ್ರಿ, ಹೆತ್ತೋಳು ತಿಂದಿದ್ದನ್ನ ಲೆಕ್ಕ ಇಡ್ತಾಳೆ' ಎಂದಳು.

ಅವನು ತಿನ್ನುತ್ತಲೇ ಕೇಳಿದ. 'ನಿಮಗೆ ಒಬ್ನೇ ಮಗ ಅಂತ ಕೇಳಿದ್ದೆನಲ್ಲ ಅಮ್ಮಾರೇ?'

'ಯಾರ್ರೀ ಹೇಳಿದ್ದು? ಹೆರಿಗೆ ಮಾಡಿಸಾಕೆ ಅವ್ರು ಬಂದಿದ್ರಾ?'

'ಹಂಗಲ್ಲ, ಸುಮ್ನೆ ಕೇಳಿದೆ. ಯಾವ ಊರಿಗೆ ಕೊಟ್ಟಿದ್ರಿ?'

'ಜಗಳೂರಿಗೆ.'

'ಮತ್ತೆ ಇಲ್ಲೇ ಅದಾರಲ್ಲ?'

'ಅಲ್ಲಿ ನೀರಿಲ್ಲ. ನೋಡೋವಷ್ಟು ನೋಡಿ, ಅಳಿಯನ್ನೂ ಸೇರಿಸಿ ಕರ್ಕೊಂಡು ಬಂದೆ.'

ಅವನು ನಕ್ಕು, ಬರೆಯುವುದನ್ನು ಬರೆದುಕೊಂಡು, ಇನ್ನರ್ಧ ಲೋಟ ಚಹಾ ಕೇಳಿ ಕುಡಿದು ಹೋದ. ಅವನು ಬೀದಿ ತಿರುಗುವವರೆಗೆ ನಾವಿಬ್ಬರೂ ಗಂಭೀರವಾಗಿದ್ದೆವು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕ ನಗು, ಅಂಥದ್ದು ನಾನು ಮದುವೆಯಾದ ಮೇಲೆ ನಕ್ಕಿರಲಿಲ್ಲ.

ಕೆಲಸ ಮುಗಿಯಿತಲ್ಲ, ಮಾರನೆಯ ದಿನ ನಾನು ಮತ್ತೆ ಆಂಟಿ ಎಂದೆ. ಆಕೆ ತಿರುಗಿ ನೋಡಲಿಲ್ಲ. ಕಿವಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕರೆದೆ. 'ಯಾರನ್ನ ಕರೀತಿ? ಇಲ್ಲಿ ಆಂಟಿ ಅನ್ನೋರು ಯಾರೂ ಇಲ್ಲ' ಎಂದು ಸೊಪ್ಪು ಬಿಡಿಸುತ್ತಾ ಕೂತಳು.

ಅಲ್ಲಿಂದ ಆ ನಡುಗೋಡೆ ಹೆಸರಿಗೆ ಮಾತ್ರ ಉಳಿಯಿತು. ಬೆಳಿಗ್ಗೆ ಆ ಕಡೆಯಿಂದ ಗೋಡೆ ಗುದ್ದಿ 'ಎದ್ದಿಯೇನೇ?' ಎನ್ನುವಳು. ನನಗೆ ಜ್ವರ ಬಂದಾಗ ನೆತ್ತಿಗೆ ಎಣ್ಣೆ ತಟ್ಟಿದಳು, ತಟ್ಟುತ್ತಲೇ 'ಕೂದ್ಲೇನು ಹಗ್ಗ ಮಾಡ್ಕೊಂಡೀಯ' ಎಂದು ಬೈದಳು. ಮಳೆಗಾಲದಲ್ಲಿ ಹೊಳೆ ಏರಿದರೆ ಊರೆಲ್ಲ ಸೇತುವೆ ಹತ್ತಿರ ನೋಡಲು ಹೋಗುತ್ತದೆ. ನಾವೂ ಹೋಗುತ್ತಿದ್ದೆವು. ಬರುವಾಗ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ನಾನು ದುಡ್ಡು ಕೊಡಲು ಹೋದರೆ ಕೈಗೆ ಒಂದು ಏಟು. ಪಂಚಮಿ ಹಬ್ಬಕ್ಕೆ ಬೀದಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಆಡುತ್ತಿದ್ದರು. ನಾನು ಬಾಗಿಲು ಮುಂದಕ್ಕೆ ಮಾಡಿಕೊಂಡು ಒಳಗೆ ಬೀದಿಯವರು ಹೊಲಿಯಲು ಕೊಟ್ಟ ಬ್ಲೌಸ್ ಹೊಲಿಯುತ್ತಾ ಕೂತಿದ್ದೆ. ಹಬ್ಬ ಅಂದರೆ ಪ್ರತಿ ವರ್ಷವೂ ನಾನು ಹಾಗೇ ಕೂರುವವಳು. ಗೋಡೆಯ ಆ ಕಡೆಯಿಂದ ಗುದ್ದು ಬಿತ್ತು.

'ತವರಿಗೆ ಬರಾಕೆ ನಿನಗೆ ಬಸ್ ಬೇಕೇನೇ? ಶೇಂಗಾ ಉಂಡೆ ಕಟ್ಟಾಕೆ ನನಗೊಬ್ಳಿಗೇ ಆಗಲ್ಲ, ಬಾ.'

ಉಂಡೆ ಕಟ್ಟುವಾಗ ಬೆಲ್ಲದ ಪಾಕ ಬಿಸಿಯಿರುತ್ತದೆ, ಕೈ ಸುಡುತ್ತದೆ, ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಅಷ್ಟು ಹೇಳಿದರೆ ಸಾಕು.

ಬಾಡಿಗೆ ತಪ್ಪದೆ ಇಸಿದುಕೊಳ್ಳುತ್ತಿದ್ದಳು, ಅದನ್ನೂ ಹೇಳಿಬಿಡಬೇಕು. ಮಗಳಾದೆನೆಂದು ಒಂದು ರೂಪಾಯಿ ಬಿಟ್ಟವಳಲ್ಲ. ಆದರೆ ಇಸಿದುಕೊಂಡ ಮೇಲೆ 'ಉಂಡ್ಯಾ?' ಎಂದು ಕೇಳುತ್ತಿದ್ದಳು.

ಹೀಗೇ ನಡೆದಿದ್ದರೆ ನಾನು ಇವತ್ತೂ ಹೊನ್ನಾಳಿಯಲ್ಲೇ ಇರುತ್ತಿದ್ದೆ. ಎಡವಟ್ಟಾದದ್ದು ಮಗ ಮನೆಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಲು ಹೊರಟಾಗ. ಖಾತೆ ಇನ್ನೂ ತೀರಿಕೊಂಡ ತಂದೆಯ ಹೆಸರಲ್ಲೇ ಇತ್ತು. ನಮ್ಮ ಕಡೆ ಅರ್ಧ ಊರಿನ ಕಂದಾಯ ಸತ್ತವರೇ ಕಟ್ಟುತ್ತಾರೆ, ಅದೇನು ವಿಶೇಷವಲ್ಲ. ಅವನು ಪುರಸಭೆಗೆ ಹೋದಾಗ ಅಲ್ಲಿದ್ದವನು ಅದೇ ಬಿಲ್ ಕಲೆಕ್ಟರ್. 'ನಿಮ್ಮದೊಂದು, ನಿಮ್ಮ ತಾಯೀದೊಂದು ಸಹಿ ಆಯ್ತು. ನಿಮ್ಮ ಅಕ್ಕಾರದ್ದು?' ಎಂದನಂತೆ.

ಮಗ ನೇರ ಮನೆಗೆ ಬಂದ. ಚಪ್ಪಲಿ ಬಿಡುವುದಕ್ಕೂ ನಿಲ್ಲಲಿಲ್ಲ.

'ಅವ್ವ, ನಂಗ್ಯಾವಾಗ ಅಕ್ಕ ಹುಟ್ಟಿದ್ಲು?'

ಆಕೆ ಮೊದಲು ನಕ್ಕಳು. ಕಂದಾಯದ ಕತೆಯನ್ನೆಲ್ಲ ಹೇಳಿದಳು, ಜಗಳೂರಿನಲ್ಲಿ ನೀರಿಲ್ಲ ಎಂಬಲ್ಲಿಗೆ ಬಂದಾಗ ಇನ್ನೂ ಜೋರಾಗಿ ನಕ್ಕಳು. ಅವನು ನಗಲಿಲ್ಲ.

'ನಿನಗೆ ತಮಾಷೆ. ಹೆಣ್ಮಕ್ಕಳಿಗೂ ಸಮಪಾಲು ಐತೆ ಈಗ. ನಾಳೆ ಅವ್ರು ಮಗಳು ಅಂತ ಬಂದು ಕುಂತ್ರೆ ಏನ್ಮಾಡ್ತಿ? ಬೀದೀಲಿ ಎಲ್ಲರೂ ಸಾಕ್ಷಿ ಹೇಳ್ತಾರೆ, ಹೌದು, ಅವ್ವ ಅಂತಿದ್ಲು ಅಂತ.'

'ಅವ್ಳು ಅಂಥೋಳಲ್ಲ ಕಣೋ.'

'ಅಂಥೋರು ಹಿಂಗೇ ಇರೋದು.'

ನಾನು ಗೋಡೆಯ ಈ ಕಡೆ ಇದ್ದೆ. ಹಳೆಯ ಮನೆ, ಗೋಡೆ ಅಟ್ಟದವರೆಗೆ ಮಾತ್ರ. ಮಾತು ಹೆಂಚಿನ ಅಡಿಯಿಂದ ಹಾಯಾಗಿ ದಾಟಿ ಬರುತ್ತಿತ್ತು. ಆ ಹುಡುಗನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನಗೆ ಕೋಪ ಬಂದದ್ದು ಆಮೇಲೆ ಆಕೆ ಏನೂ ಹೇಳದೆ ಸುಮ್ಮನಾದದ್ದಕ್ಕೆ.

ಮಾರನೆಯ ದಿನ ಮೂವರೂ ಪುರಸಭೆಗೆ ಹೋದೆವು. ಮಗ ಮುಂದೆ, ಆಕೆ ನಡುವೆ, ನಾನು ಹಿಂದೆ. ಆಫೀಸಿನ ಗುಮಾಸ್ತರು ನನ್ನನ್ನು ನೋಡಿ 'ಹೇಳ್ರಿ, ನೀವು ಈ ಮನೆಯೋರಿಗೆ ಏನಾಗ್ಬೇಕು?' ಎಂದರು. ಅದನ್ನು ಕೇಳುವುದೇ ಹಾಗೆ. ನಮ್ಮ ಕನ್ನಡದಲ್ಲಿ ಬೇರೆ ಥರ ಕೇಳಲಿಕ್ಕೆ ಬರುವುದಿಲ್ಲ. ಏನಾಗಬೇಕಿತ್ತು ಎಂದು ಹೇಳಲು ಹೋದರೆ ಅವರ ಊಟದ ಹೊತ್ತು ಮೀರುತ್ತಿತ್ತು.

'ಏನೂ ಆಗ್ಬೇಕಿಲ್ಲ ಸಾರ್. ಬಾಡಿಗೆಯೋಳು.'

ಯಜಮಾನತಿ ಕಿಟಕಿ ಕಡೆ ನೋಡುತ್ತಿದ್ದಳು. ಪಕ್ಕದ ಮೇಜಿನಿಂದ ಬಿಲ್ ಕಲೆಕ್ಟರ್ ಎದ್ದು ಬಂದ.

'ಹಂಗಾದ್ರೆ ಅವತ್ತು ಸುಳ್ಳು ಹೇಳಿದ್ರಾ? ಅಲ್ರೀ, ನೀವಿಬ್ರೂ ಉಪ್ಪಿಟ್ಟಿಗೆ ಜಗಳ ಆಡಿದ್ದು ನೋಡಿ ನನಗೆ ಒಂಚೂರೂ ಅನುಮಾನ ಬರ್ಲಿಲ್ಲ.'

'ಕಂದಾಯ ಕಮ್ಮಿ ಆಗ್ಲಿ ಅಂತ ಹೇಳಿದ್ವಿ. ತಪ್ಪಾಯ್ತು' ಎಂದಳು ಆಕೆ.

ಗುಮಾಸ್ತರು ಕನ್ನಡಕ ತೆಗೆದರು. 'ಯಾವ ಕಂದಾಯ ಅಮ್ಮ? ನಮ್ಮಲ್ಲಿ ವಾಸದ ಮನೆ ಅಂದ್ರೆ ವಾಸದ ಮನೆ. ನೀವಿರ್ರಿ, ಬಾಡಿಗೆಯೋರು ಇರ್ಲಿ, ಒಂದೇ. ಅಂಗಡಿ ಮುಂಗಟ್ಟು ಇದ್ರೆ ಮಾತ್ರ ಬ್ಯಾರೆ. ಏಪ್ರಿಲ್‌ನಾಗೆ ಕಟ್ಟಿದ್ರೆ ಸಿಗೋ ರಿಯಾಯಿತಿ ಹೆಂಗೂ ಸಿಗ್ತಿತ್ತು. ನೀವು ಹೇಳಿದ್ದು ಬೆಂಗಳೂರಿನ ಲೆಕ್ಕ.'

ಅಂದರೆ ಆ ಸುಳ್ಳಿನಿಂದ ಒಂದು ಪೈಸೆಯೂ ಉಳಿದಿರಲಿಲ್ಲ. ಇಡೀ ಬೀದಿ ಸುಮ್ಮಸುಮ್ಮನೆ ನೆಂಟರಾಗಿತ್ತು. ಬಿಲ್ ಕಲೆಕ್ಟರ್ ನಕ್ಕ, ಗುಮಾಸ್ತರು ನಕ್ಕರು, ಮಗನ ಮುಖವೂ ಸಡಿಲವಾಯಿತು. ನಾವಿಬ್ಬರು ನಗಲಿಲ್ಲ.

ಮನೆ ಬಿಡಿ ಎಂದು ಮಗ ಕೇಳಿದ್ದು ಮರ್ಯಾದೆಯಿಂದಲೇ. ಇಷ್ಟು ದಿನ ಆದ ಮೇಲೆ ಬಾಡಿಗೆಯವರನ್ನು ಬದಲಾಯಿಸುವುದು ಒಳ್ಳೆಯದು ಎಂದು ಅವನಿಗೆ ಯಾರೋ ಹೇಳಿದ್ದರು. 'ಬೇಜಾರು ಮಾಡ್ಕೋಬ್ಯಾಡ್ರಿ ಅಕ್ಕಾರೇ. ದಸರಾ ತನಕ ಟೈಮ್ ತಗೊಳ್ರಿ' ಎಂದ. ಅಕ್ಕಾರೇ ಎಂದೇ ಕರೆದ. ಅಕ್ಕ ಅಲ್ಲ ಎಂದು ಆಫೀಸಿನಲ್ಲಿ ಹೇಳಿಸಿದವನು.

ಆಕೆ ಅವನಿಗೆ ಎದುರಾಡಲಿಲ್ಲ. ಮನೆ ಈಗ ಅವನ ಹೆಸರಿಗಿತ್ತು. ಸಾಮಾನು ತುಂಬುವ ದಿನ ಬೆಳಿಗ್ಗೆಯಿಂದ ಯಾರನ್ನೂ ವಿಚಾರಿಸಲು ಹೋಗದೆ ಕಟ್ಟೆಯ ಮೇಲೆ ಕೂತಿದ್ದಳು. ಟೆಂಪೋ ಹೊರಡುವಾಗ ನನ್ನ ಉಡಿಗೆ ಅಕ್ಕಿ, ಕೊಬ್ಬರಿ, ಒಂದು ಕುಪ್ಪಸದ ಕಣ ಹಾಕಿದಳು. ತವರಿನಿಂದ ಹೊರಡುವ ಮಗಳಿಗೆ ಹಾಕುವಂತೆಯೇ. 'ಇದಕ್ಕೆ ಪುರಸಭೆಯೋರು ಏನೂ ಕೇಳಲ್ಲ' ಎಂದಳು.

ನಾವು ನ್ಯಾಮತಿಗೆ ಬಂದೆವು. ಸಾಲ ಸೋಲ ಮಾಡಿ ಎರಡು ಕೋಣೆಯ ಮನೆ ಕಟ್ಟಿಸಿದೆವು. ಪಟ್ಟಣ ಪಂಚಾಯಿತಿಯ ಸಾಲಿನಲ್ಲಿ ನಿಂತು ನನ್ನ ಮನೆಗೆ ನಾನೇ ಕಂದಾಯ ಕಟ್ಟಿ ಬಂದೆ. ರಿಯಾಯಿತಿಯೂ ಸಿಕ್ಕಿತು. ಬಿಸಿಲಲ್ಲಿ ಬಂದು ಚಾಪೆ ಮೇಲೆ ಕೂತು, ಎಲ್ಲರಂತೆ ನಾನೂ ಬೈಯೋಣ ಎಂದುಕೊಂಡೆ. ಗೋಡೆಗಳೆಲ್ಲ ನನ್ನವೇ. ಗುದ್ದುವವರು ಯಾರೂ ಇಲ್ಲ. ಗಂಡನಿಗೆ ಹೇಳಿದರೆ 'ಸ್ವಂತ ಮನೆ ಬೇಕು ಬೇಕು ಅಂತಿದ್ದೆ, ಈಗ ಏನಾಯ್ತೇ ನಿನಗೆ?' ಎನ್ನುತ್ತಾರೆ. ಸರಿಯಾಗಿಯೇ ಕೇಳುತ್ತಾರೆ.

ಒಂದು ಭಾನುವಾರ ಇಬ್ಬರೂ ಹೊನ್ನಾಳಿಗೆ ಹೋದೆವು. ಮಗ ಬಂದಿದ್ದ. ನಾವಿದ್ದ ಭಾಗದಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಇದ್ದಳು. ಕುತೂಹಲದಿಂದ ಇಣುಕಿ 'ಯಾರ್ರೀ ಆಂಟಿ ಇವ್ರು?' ಎಂದಳು. ಯಜಮಾನತಿ ಮಗನ ಕಡೆ ಒಮ್ಮೆ ನೋಡಿದಳು.

'ನಮ್ಮ ಹಳೇ ಬಾಡಿಗೆಯೋರು' ಎಂದಳು.

ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂರಿಸಿ, ಬಸಿಯಲ್ಲಿ ಬಿಸ್ಕತ್ತು ಇಟ್ಟು ಚಹಾ ಕೊಟ್ಟಳು. ಆ ಮನೆಯಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದಳು. ಗಂಡ ಬಾಳೆಹಣ್ಣು ಕೊಳ್ಳಲು ಹೋದಾಗ ನನ್ನ ಮೊಣಕೈ ಹಿಡಿದು ಬೇಗ ಬೇಗ ಹೇಳಿದಳು.

'ಭಾನುವಾರ ಬರಬ್ಯಾಡ್ವೇ. ಅವ್ನು ಇರ್ತಾನೆ. ಸೋಮಾರ ಬಾ.'

'ಸೋಮಾರ ಬಂದ್ರೆ ಕುರ್ಚಿ ಹಾಕ್ತೀಯಾ?'

'ಸೋಮಾರ ಬಂದ್ರೆ ಇಷ್ಟು ದಿನ ಎಲ್ಲಿ ಸತ್ತಿದ್ದೆ ಅಂತ ಕಪಾಳಕ್ಕೆ ಬಾರಿಸ್ತೀನಿ. ಬಾ.'

ಹೋದೆ. ಮುಂದಿನ ಸೋಮವಾರ ಅಲ್ಲ, ಹೊಲಿಗೆಯ ಬಟ್ಟೆ ಬಾಕಿ ಇತ್ತು. ಅದರ ಮುಂದಿನದ್ದೂ ಅಲ್ಲ. ಕೊನೆಗೆ ಒಂದು ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಫೋನು ಮಾಡಿರಲಿಲ್ಲ. ತವರಿಗೆ ಹೋಗುವವರು ಕೇಳಿಕೊಂಡು ಹೋಗುತ್ತಾರೇನು? ಹೊನ್ನಾಳಿಯಲ್ಲಿ ಇಳಿದು ಹೊಳೆ ಕಡೆಯ ಬೀದಿಗೆ ತಿರುಗಿದರೆ ಮನೆಗೆ ಬೀಗ. ಹೊಸ ಹುಡುಗಿಯ ಬಾಗಿಲಿಗೂ ಬೀಗ. ಬೀಗ ಎಳೆದು ನೋಡಿದೆ. ಯಾಕೆ ಎಳೆದೆನೋ.

ಹಾಲಿನವಳು ಕ್ಯಾನು ಹಿಡಿದುಕೊಂಡು ಬರುತ್ತಿದ್ದಳು. ನಾನಿದ್ದಾಗ ಎರಡೂ ಮನೆಗೆ ಅವಳೇ ಹಾಲು ಹಾಕುತ್ತಿದ್ದದ್ದು. ನನ್ನ ಗುರುತು ಸಿಕ್ಕಿ ಹಲ್ಲು ಬಿಟ್ಟಳು.

'ಅಮ್ಮಾರು ಇಲ್ರೀ. ಮೊನ್ನೆ ಮಗ ಬಂದು ಚನ್ನಗಿರಿಗೆ ಕರ್ಕೊಂಡು ಹೋದ್ರು. ಅಲ್ಲೇ ಸ್ವಲ್ಪ ದಿನ ಇರ್ತಾರಂತೆ.'

'ಯಾವಾಗ ಬರ್ತಾರೆ?'

'ನಂಗೇನು ಗೊತ್ರೀ?' ಅವಳು ಕ್ಯಾನು ಕೆಳಗಿಟ್ಟು ನನ್ನನ್ನು ವಿಚಿತ್ರವಾಗಿ ನೋಡಿದಳು. 'ಅಲ್ಲ, ಮಗಳಿಗೇ ಹೇಳ್ದೆ ಹೋಗ್ಯಾರಾ?'

ಅವಳಿಗೆ ಪುರಸಭೆಯಲ್ಲಿ ನಡೆದದ್ದು ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನೇ, ಎದುರಿಗೇ ನಿಂತಿದ್ದೆ.

'ಹೇಳಿದ್ರು' ಎಂದೆ. 'ಅವ್ವ ಹೇಳಿದ್ಲು, ನಾನೇ ಮರ್ತು ಬಂದೆ.'

'ಈ ಬಿಸಿಲಾಗೆ ಸುಮ್ನೆ ಬಂದ್ರಲ್ಲ' ಎಂದು ಅವಳು ಮುಂದಿನ ಮನೆಗೆ ಹೋದಳು. ನಾನು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು, ಮಧ್ಯಾಹ್ನದ ಬಸ್ಸಿಗೆ ನ್ಯಾಮತಿಗೆ ಬಂದೆ.